ಅಮ್ಮನ ಕರಿಮಣಿ ಸರ ಸಿಕ್ಕ ಸುದ್ದಿ, ಸುದ್ದಿಯಲ್ಲಿ ಇಲ್ಲದ ಹವಾಲ್ದಾರ್

ಮಧ್ಯ ರೈಲ್ವೆ ಪ್ರಯಾಣಿಕ

ನಮ್ಮ ಮನೆಯ ದೇವರ ಗೂಡಿನ ಪಕ್ಕದಲ್ಲಿ ಅಮ್ಮ ಪತ್ರಿಕೆಯ ಒಂದು ತುಣುಕನ್ನು ಅಂಟಿಸಿಟ್ಟಿದ್ದಾರೆ. ಜನವರಿ ಮೊದಲ ವಾರ ಮಹಾರಾಷ್ಟ್ರ ಪೊಲೀಸರು ಸ್ಥಾಪನಾ ದಿನ ಆಚರಿಸುತ್ತಾರಲ್ಲ, ಆಗ ಕಳವಾದ ವಸ್ತುಗಳನ್ನು ವಾರಸುದಾರರಿಗೆ ಮರಳಿಸುವ ಸಮಾರಂಭ ನಮ್ಮ ಉಪನಗರದಲ್ಲೂ ನಡೆಯಿತು. ಚಿತ್ರದಲ್ಲಿ ಹಿರಿಯ ಅಧಿಕಾರಿಯೊಬ್ಬರು ಸಣ್ಣ ಪೆಟ್ಟಿಗೆ ನೀಡುತ್ತಿದ್ದಾರೆ, ಅಮ್ಮ ಕೈಮುಗಿದು ನಿಂತಿದ್ದಾರೆ. ಪೊಲೀಸರ ಚುರುಕಿನಿಂದ ವೃದ್ಧೆಯ ಮುಖದಲ್ಲಿ ನಗು ಮರಳಿತು ಎಂಬುದು ಶೀರ್ಷಿಕೆಯ ಸಾರಾಂಶ. ಸುಳ್ಳು ಒಂದಕ್ಷರವೂ ಇಲ್ಲ. ಅಮ್ಮ ನಿಜವಾಗಿಯೂ ನಕ್ಕರು. ಅಪ್ಪ ಕಟ್ಟಿದ ಸರ ಅದು. ಅಪ್ಪ ಇಂದು ಇಲ್ಲ.

ಆದರೂ ಆ ತುಣುಕನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ಕುದಿಯುತ್ತದೆ. ಅಮ್ಮ ಬೆಳಗಿನ ನಡಿಗೆಗೆ ಹೋಗಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಸರ ಕಿತ್ತುಕೊಂಡು ಹೋದರು. ಕುತ್ತಿಗೆಯ ಮೇಲೆ ಗೀರು ಇನ್ನೂ ಹಸಿಯಾಗಿತ್ತು. ಠಾಣೆಗೆ ಹೋದರೆ, ಎಲ್ಲೋ ಬಿದ್ದುಹೋಗಿದೆ ಎಂದು ಬರೆದುಕೊಡಿ, ಕೆಲಸ ಬೇಗ ಆಗುತ್ತದೆ ಎಂದರು. ನಾವು ಬರೆದುಕೊಟ್ಟೆವು. ಬಿದ್ದುಹೋದ ವಸ್ತುವಿಗೆ ಕಳ್ಳನೂ ಇಲ್ಲ, ತನಿಖೆಯೂ ಇಲ್ಲ ಎಂದು ಗೊತ್ತಾದದ್ದು ಆಮೇಲೆ. ಪರಿಚಯದವರೊಬ್ಬರಿಂದ ಹೇಳಿಸಿ ಎಫ್‌ಐಆರ್ ಮಾಡಿಸಲು ನಾಲ್ಕು ದಿನ ಹಿಡಿಯಿತು. ಸರ ಪತ್ತೆಯಾದ ಮೇಲೂ ಅದು ಠಾಣೆಯ ಮುದ್ದೆಮಾಲು ಕೋಣೆಯಲ್ಲೇ, ಅಂದರೆ ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಕೋಣೆಯಲ್ಲೇ ಇತ್ತು. ವಕೀಲರನ್ನು ಹಿಡಿದು, ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಪಡೆಯುವ ಹೊತ್ತಿಗೆ ಎರಡು ವರ್ಷ ಆಗಿತ್ತು. ಸರ ಕೊಡಿಸಿದ್ದು ಮ್ಯಾಜಿಸ್ಟ್ರೇಟರ ಆದೇಶ. ಸುದ್ದಿಯಲ್ಲಿ ಕೋರ್ಟಿನ ಹೆಸರೇ ಇಲ್ಲ.

ಇನ್ನೂ ಒಬ್ಬರು ಆ ಚಿತ್ರದಲ್ಲಿ ಇಲ್ಲ. ಪ್ರಕರಣ ಕೈಗೆ ಬಂದ ಮೇಲೆ ಮೂರು ಸಲ ಮನೆಗೆ ಬಂದು, ಅಮ್ಮನ ಹಳೆಯ ಮದುವೆ ಫೋಟೊದಲ್ಲಿ ಸರದ ಪದಕವನ್ನು ಭೂತಗನ್ನಡಿ ಹಿಡಿದು ನೋಡಿ ಗುರುತು ಬರೆದುಕೊಂಡ ಹವಾಲ್ದಾರ್ ಅವರು. ಸಮಾರಂಭದ ದಿನ ಅವರು ಯಾವುದೋ ಮೆರವಣಿಗೆಯ ಬಂದೋಬಸ್ತಿನಲ್ಲಿ ಇದ್ದರು.

ಇಂಥ ಸುದ್ದಿಗಳಿಂದ ಪೊಲೀಸರ ಬಗ್ಗೆ ನಮಗೆ ತಿಳಿಯುವುದು ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ಮುಂಬೈ, ಪುಣೆ, ಗೋವೆಯ ಕನ್ನಡಿಗರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ.

ಕಾಂದಿವಲಿ ಓದುಗ

ನಿಮ್ಮ ಕಹಿ ಅರ್ಥವಾಗುತ್ತದೆ. ಆದರೆ ಆ ತುಣುಕನ್ನು ಅಷ್ಟು ಹಗುರಾಗಿ ಕಾಣಬೇಡಿ.

ನಮ್ಮ ಅತ್ತೆ ಕುಂದಾಪುರದ ಕಡೆಯವರು. ಮುಂಬೈಗೆ ಬಂದು ಮೂವತ್ತು ವರ್ಷವಾದರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಮಾನ ಹೋದಂತೆ ಎಂದು ನಂಬಿದ್ದವರು. ಫೋನಿನಲ್ಲಿ ಯಾರೋ ಬ್ಯಾಂಕಿನವರಂತೆ ಮಾತನಾಡಿ ಹಣ ಲಪಟಾಯಿಸಿದಾಗ, ಹೋಗಿ ದೂರು ಕೊಡೋಣ ಎಂದು ಮೊದಲು ಹೇಳಿದವರು ಅವರೇ. ಕಾರಣ ಕೇಳಿದರೆ, ಮೊನ್ನೆ ಪೇಪರಿನಲ್ಲಿ ಬಂದಿತ್ತಲ್ಲ, ಒಬ್ಬ ಅಜ್ಜನಿಗೆ ಪೊಲೀಸರು ಎಷ್ಟು ಸಹಾಯ ಮಾಡಿದರು ಎಂದರು. ಆ ಸುದ್ದಿ ಇಲ್ಲದಿದ್ದರೆ ಅವರು ಮನೆಯಲ್ಲೇ ಅಳುತ್ತಾ ಕುಳಿತಿರುತ್ತಿದ್ದರು.

2008ರ ನವೆಂಬರ್ 26ರ ರಾತ್ರಿ ಗಿರಗಾಂವ್ ಚೌಪಾಟಿಯಲ್ಲಿ ತುಕಾರಾಮ್ ಓಂಬಳೆ ಅವರು ಉಗ್ರನ ಬಂದೂಕಿನ ನಳಿಗೆಯನ್ನೇ ಹಿಡಿದರು, ಗುಂಡುಗಳನ್ನು ತಮ್ಮ ಮೈಯಲ್ಲಿ ತೆಗೆದುಕೊಂಡರು. ಕಸಬ್ ಜೀವಂತ ಸಿಕ್ಕಿದ್ದು ಅದರಿಂದ. ಮರುವರ್ಷ ಅವರಿಗೆ ಮರಣೋತ್ತರ ಅಶೋಕ ಚಕ್ರ ಬಂತು. ಅವರು ಸಹಾಯಕ ಸಬ್ ಇನ್‌ಸ್ಪೆಕ್ಟರ್, ಕೈಯಲ್ಲಿ ಬಂದೂಕು ಇರಲಿಲ್ಲ. ಅಂಥ ಇಲಾಖೆಯ ಬಗ್ಗೆ ವಾರಕ್ಕೊಂದು ಒಳ್ಳೆಯ ಮಾತು ಬಂದರೆ ಹೊಟ್ಟೆ ಉರಿಯಬೇಕೆ?

ಸುದ್ದಿಮನೆಯವ

ನಾನು ಮುಂಬೈಯ ಕನ್ನಡ ಪತ್ರಿಕೋದ್ಯಮದಲ್ಲಿ ಇಪ್ಪತ್ತೆರಡು ವರ್ಷ ಡೆಸ್ಕಿನಲ್ಲಿ ದುಡಿದವನು. ಮೇಲಿನಂಥ ಸುದ್ದಿಗಳನ್ನು ನೂರಾರು ಸಲ ನನ್ನ ಕೈಯಿಂದಲೇ ಪುಟಕ್ಕೆ ಇಳಿಸಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಹಿಂದೆ ಅಪರಾಧ ವರದಿಗಾರ ಕ್ರಾಫರ್ಡ್ ಮಾರ್ಕೆಟ್ ಎದುರಿನ ಕಮಿಷನರ್ ಕಚೇರಿಗೆ ಹೋಗುತ್ತಿದ್ದ, ಅಲ್ಲಿಂದ ಎರಡು ಠಾಣೆ ಸುತ್ತುತ್ತಿದ್ದ, ಸ್ಟೇಷನ್ ಡೈರಿ ಬರೆಯುವವರ ಜೊತೆ ಚಹಾ ಕುಡಿಯುತ್ತಿದ್ದ. ಅಲ್ಲಿ ಕೂತಾಗ ದೂರು ಕೊಡಲು ಬಂದವರ ಮುಖವೂ ಕಾಣುತ್ತಿತ್ತು. ಯಾರನ್ನು ಒಳಗೆ ಕರೆದರು, ಯಾರನ್ನು ನಾಳೆ ಬಾ ಎಂದರು, ಎಲ್ಲವೂ. 2015ರ ಡಿಸೆಂಬರಿನಲ್ಲಿ ಮುಂಬೈ ಪೊಲೀಸರು ಟ್ವಿಟರಿಗೆ ಬಂದರು. ಚುಟುಕು ಮಾತಿನ ಆ ಖಾತೆ ದೇಶಕ್ಕೇ ಮಾದರಿಯಾಯಿತು. ಆಮೇಲೆ ಪೊಲೀಸ್ ವಾದ್ಯವೃಂದ ಹಾಡು ನುಡಿಸುವ ವಿಡಿಯೊಗಳ ಸರಣಿ, ಖಾಕಿ ಸ್ಟುಡಿಯೊ ಬಂತು. ನಾನು ಅವನ್ನು ಹಳಿಯುವುದಿಲ್ಲ. ಹೆಲ್ಮೆಟ್, ಕುಡಿದು ಗಾಡಿ ಓಡಿಸುವುದು, ಬ್ಯಾಂಕ್ ವಂಚನೆ, ಇವುಗಳ ಎಚ್ಚರಿಕೆ ಹುಡುಗರ ತಲೆಗೆ ಹತ್ತಿದ್ದು ಆ ಚುಟುಕುಗಳಿಂದಲೇ. ಆದರೆ ನಮ್ಮ ಡೆಸ್ಕಿಗೆ ಆದದ್ದು ಬೇರೆ. ರಾತ್ರಿ ಎಂಟೂವರೆಗೆ ಪುಟದಲ್ಲಿ ನಾಲ್ಕು ಅಂಗುಲ ಖಾಲಿ. ವಾಟ್ಸಾಪ್ ಗುಂಪಿನಲ್ಲಿ ಪೊಲೀಸರದೇ ಫೋಟೊ, ಪೊಲೀಸರದೇ ಬರಹ. ಅನುವಾದಿಸಿ ಹಾಕಿದರೆ ಮುಗಿಯಿತು. ಓದುಗರು ಇಷ್ಟಪಡುತ್ತಾರೆ, ಯಾರೂ ತಕರಾರು ಮಾಡುವುದಿಲ್ಲ, ವರದಿಗಾರನ ರೈಲು ಪಾಸಿನ ಖರ್ಚೂ ಇಲ್ಲ. ಹೇಳಿದವರು, ತೋರಿಸಿದವರು, ಮಾಡಿದವರು ಎಲ್ಲ ಒಬ್ಬರೇ ಆದಾಗ ಅದು ಸುದ್ದಿಯಾಗಿ ಉಳಿಯುವುದಿಲ್ಲ.

ಒಂದು ನಿಜ ಪ್ರಸಂಗ ಹೇಳುತ್ತೇನೆ. ಅಂಧೇರಿಯ ಡಿ.ಎನ್. ನಗರ ಠಾಣೆಯಲ್ಲಿ ರಾಜೇಂದ್ರ ಭೋಸಲೆ ಎಂಬ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಇದ್ದರು. 2008ರಿಂದ 2015ರ ನಡುವೆ ಕಾಣೆಯಾದ 166 ಹೆಣ್ಣುಮಕ್ಕಳ ಹುಡುಕಾಟದಲ್ಲಿ ತೊಡಗಿ 165 ಮಂದಿಯನ್ನು ಪತ್ತೆಮಾಡಿದವರು. ಉಳಿದ ಒಬ್ಬಳು 2013ರ ಜನವರಿಯಲ್ಲಿ ಶಾಲೆಗೆ ಹೊರಟವಳು ಮನೆಗೆ ಬರಲಿಲ್ಲ. ಏಳು ವರ್ಷದ ಮಗು. ಭೋಸಲೆ ನಿವೃತ್ತರಾದ ಮೇಲೂ ಅವಳ ಫೋಟೊವನ್ನು ಕಿಸೆಯಲ್ಲಿ ಇಟ್ಟುಕೊಂಡು ಹುಡುಕಿದರು. 2022ರ ಆಗಸ್ಟಿನಲ್ಲಿ ಅವಳು ಸಿಕ್ಕಳು. ದೇಶವೆಲ್ಲ ಕಣ್ಣೀರಿಟ್ಟ ಸುದ್ದಿ. ನಾನೂ ಅತ್ತೆ.

ಈಗ ಅದೇ ಸುದ್ದಿಯನ್ನು ನಿಧಾನವಾಗಿ ಓದಿ ನೋಡಿ. ಅವಳು ಸಿಕ್ಕಿದ್ದು ಮನೆಯಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ. ನಡುವೆ ಅವಳನ್ನು ನಮ್ಮ ರಾಯಚೂರಿನ ಹಾಸ್ಟೆಲ್ ಒಂದಕ್ಕೆ ಕಳುಹಿಸಲಾಗಿತ್ತು. ಸುಳಿವು ಕೊಟ್ಟವಳು, ಈ ಹುಡುಗಿ ಮಗುವೊಂದನ್ನು ನೋಡಿಕೊಳ್ಳುವ ಕೆಲಸಕ್ಕಿದ್ದ ಮನೆಯ ಇನ್ನೊಬ್ಬ ಕೆಲಸದಾಕೆ. ಹುಡುಗಿಯ ಕಥೆ ಕೇಳಿ ಅಂತರ್ಜಾಲದಲ್ಲಿ ಹುಡುಕಿದಳು, ಹಳೆಯ ಭಿತ್ತಿಪತ್ರ ಸಿಕ್ಕಿತು, ಅದರಲ್ಲಿದ್ದ ಫೋನ್ ಸಂಖ್ಯೆಗಳಲ್ಲಿ ಒಂದು ಇನ್ನೂ ಚಾಲ್ತಿಯಲ್ಲಿತ್ತು. ಭೋಸಲೆಯವರ ನಿಷ್ಠೆ ಅಪ್ಪಟ ಚಿನ್ನ. ಆದರೆ ಅಷ್ಟು ನಿಷ್ಠೆ ಇದ್ದೂ ಮಗು ಒಂಬತ್ತು ವರ್ಷ ಯಾಕೆ ಸಿಗಲಿಲ್ಲ, ಬೇರೆ ರಾಜ್ಯದ ಹಾಸ್ಟೆಲಿಗೆ ಸೇರುವಾಗ ಯಾರೂ ದಾಖಲೆ ಯಾಕೆ ಕೇಳಲಿಲ್ಲ ಎಂದು ನಾವು ಸುದ್ದಿಮನೆಯವರು ಪಟ್ಟುಹಿಡಿದು ಕೇಳಬೇಕಿತ್ತು. ಕಣ್ಣೀರು ಒರೆಸಿಕೊಂಡು ಮುಂದಿನ ಪುಟಕ್ಕೆ ಹೋದೆವು. ಕಾಣೆಯಾದ ಪ್ರತಿ ಮಗುವಿನ ದೂರನ್ನೂ ಎಫ್‌ಐಆರ್ ಆಗಿ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಮೇ ತಿಂಗಳಲ್ಲಿ, ಈ ಮಗು ಕಾಣೆಯಾದ ನಾಲ್ಕು ತಿಂಗಳ ಮೇಲೆ.

ಫೋರ್ಟಿನ ಹಳೆಯ ಕ್ಯಾಶಿಯರ್

ಸುದ್ದಿಮನೆಯವರೇ, ನಮಸ್ಕಾರ. ರಾತ್ರಿಶಾಲೆಯಲ್ಲಿ ಓದಿ, ಹಗಲು ಉಡುಪಿ ಹೋಟೆಲಿನಲ್ಲಿ ತಟ್ಟೆ ಎತ್ತಿ, ಆಮೇಲೆ ಗಲ್ಲಾದಲ್ಲಿ ಕುಳಿತವನು ನಾನು. ಗಲ್ಲಾದಿಂದ ಕಾಣುವ ಪೊಲೀಸ್ ಪತ್ರಿಕೆಯಲ್ಲಿ ಕಾಣುವುದಿಲ್ಲ. ತಿಂಡಿ ತಿಂದು ಹಣ ಕೊಡದೆ ಹೋದವರನ್ನು ಕಂಡಿದ್ದೇನೆ. 1993ರ ಜನವರಿಯ ಗಲಭೆಯಲ್ಲಿ ನಮ್ಮ ಏಳು ಹುಡುಗರನ್ನು ವ್ಯಾನಿನಲ್ಲಿ ಕೂರಿಸಿ ವಿ.ಟಿ. ರೈಲು ನಿಲ್ದಾಣದ ತನಕ ಬಿಟ್ಟು ಬಂದ ಹವಾಲ್ದಾರನನ್ನೂ ಕಂಡಿದ್ದೇನೆ. ಇಬ್ಬರೂ ಒಂದೇ ಠಾಣೆಯವರು. ಎರಡನೆಯವನ ಬಗ್ಗೆ ಯಾರೂ ಬರೆಯಲಿಲ್ಲ, ಮೊದಲನೆಯವನ ಬಗ್ಗೆಯೂ ಬರೆಯಲಿಲ್ಲ.

ನಾಯಗಾಂವ್ ಮಗಳು

ನನ್ನ ಅಪ್ಪ ಮುಂಬೈ ಪೊಲೀಸಿನಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ ಹವಾಲ್ದಾರ್ ಆಗಿ ನಿವೃತ್ತರಾದರು. ಊರು ಜತ್ ತಾಲ್ಲೂಕಿನ ಹಳ್ಳಿ, ಮನೆಮಾತು ಕನ್ನಡ. ನಾವು ನಾಲ್ವರು ನಾಯಗಾಂವಿನ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳಿನಲ್ಲಿ ಬೆಳೆದೆವು. 160 ಚದರ ಅಡಿಯ ಒಂದು ಕೋಣೆ, ಮಹಡಿಗೆ ಒಂದೇ ಸಾಲು ಶೌಚಾಲಯ. ಬ್ರಿಟಿಷರು 1920ರ ದಶಕದಲ್ಲಿ ಕಟ್ಟಿಸಿದ್ದು. ಅಪ್ಪ ರಾತ್ರಿಪಾಳಿ ಮುಗಿಸಿ ಬಂದು ಮಲಗಿದರೆ ನಾವು ಓದುವ ಪುಸ್ತಕ ಹಿಡಿದು ಹೊರಗಿನ ಪಡಸಾಲೆಗೆ ಹೋಗಬೇಕಿತ್ತು.

ಅಣ್ಣಾ, ನಿಮ್ಮ ಅಮ್ಮನ ಸರದ ಚಿತ್ರದಲ್ಲಿ ಇಲ್ಲದ ಹವಾಲ್ದಾರ್ ನನ್ನ ಅಪ್ಪನಂಥವರೇ. ಗಣೇಶೋತ್ಸವದ ಹತ್ತು ದಿನ ಅವರು ನಮ್ಮ ಮನೆಯ ಗಣಪತಿಯನ್ನು ಒಂದು ವರ್ಷವೂ ಪೂರ್ತಿ ಕಂಡವರಲ್ಲ. ಹನ್ನೆರಡು ಗಂಟೆಯ ಕೆಲಸ ಹದಿನಾರಕ್ಕೆ ಹೋಗುತ್ತಿತ್ತು. ಎಂಟು ಗಂಟೆಯ ಪಾಳಿ ಮಾಡಿ ನೋಡೋಣ ಎಂದು 2016ರಲ್ಲಿ ದೇವನಾರ್ ಠಾಣೆಯಲ್ಲಿ ಪ್ರಯೋಗ ಆರಂಭಿಸಿದಾಗ ನಮ್ಮ ಚಾಳಿನಲ್ಲಿ ಹಬ್ಬದ ಸಡಗರ. ಆ ಯೋಜನೆಯನ್ನು ರೂಪಿಸಿಕೊಟ್ಟವರೂ ಒಬ್ಬ ಸಾಮಾನ್ಯ ಪೊಲೀಸ್ ಸಿಬ್ಬಂದಿಯೇ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಒಳ್ಳೆಯ ಸುದ್ದಿ ಇಲ್ಲ.

ಅಪ್ಪನ ಕೊನೆಯ ವರ್ಷಗಳಲ್ಲಿ ಹೊಸದೊಂದು ಶುರುವಾಗಿತ್ತು. ಯಾರಿಗಾದರೂ ರಸ್ತೆ ದಾಟಿಸಿದರೆ, ನೀರು ಕೊಟ್ಟರೆ, ವಿಡಿಯೊ ತೆಗೆದಿರಾ ಎಂದು ಮೇಲಿನವರು ಕೇಳುತ್ತಿದ್ದರು. ಅಪ್ಪನಿಗೆ ಅದು ಬಹಳ ನೋವು ಕೊಟ್ಟಿತು. ಮಳೆಯಲ್ಲಿ ನೆನೆದು ನಡುಗುತ್ತಿದ್ದ ಮುದುಕಿಗೆ ತನ್ನ ರೇನ್‌ಕೋಟು ಹೊದಿಸಿದ್ದನ್ನು ಅವರು ಮನೆಯಲ್ಲಿ ಅಮ್ಮನ ಹತ್ತಿರ ಮಾತ್ರ ಹೇಳಿದರು. ಆ ಮುದುಕಿಗೆ ಕ್ಯಾಮೆರಾ ಹಿಡಿಯಲು ಹೇಗೆ ಮನಸ್ಸು ಬಂದೀತು ಎಂದು ಕೇಳಿದ್ದರು.

2020ರ ಏಪ್ರಿಲಿನಲ್ಲಿ ಕೊರೊನಾದಿಂದ ಸಹೋದ್ಯೋಗಿಗಳು ಸತ್ತ ಮೇಲೆ 55 ದಾಟಿದವರು ಮನೆಯಲ್ಲೇ ಇರಿ ಎಂದು ಆದೇಶ ಬಂತು. ಆಗ ಜನ ನಮ್ಮ ಚಾಳಿನ ಮೇಲೆ ಹೂವು ಎರಚಿದರು, ತಟ್ಟೆ ಬಡಿದರು. ಆದರೆ ಆ ಕೋಣೆಗಳಲ್ಲಿ ಒಬ್ಬರಿಗೆ ಸೋಂಕು ತಗುಲಿದರೆ ಪ್ರತ್ಯೇಕ ಮಲಗಲು ಜಾಗ ಎಲ್ಲಿದೆ ಎಂದು ಹೂವು ಎರಚಿದವರು ಕೇಳಲಿಲ್ಲ. ಪೊಲೀಸನನ್ನು ದೇವರು ಎಂದರೆ ಅವನಿಗೆ ಮನೆ ಕೊಡಬೇಕಾಗಿಲ್ಲ, ರಜೆ ಕೊಡಬೇಕಾಗಿಲ್ಲ. ಈ ಸುದ್ದಿಗಳ ಮೇಲೆ ನನ್ನ ಸಿಟ್ಟು ಇದೇ.

ಕಾಂದಿವಲಿ ಓದುಗ

ತಂಗಿ, ನಿಮ್ಮ ಬರಹವನ್ನು ಮನೆಯವರೆಲ್ಲರಿಗೂ ಓದಿ ಹೇಳಿದೆ. ಅತ್ತೆ ನಿಮ್ಮ ಅಪ್ಪನವರಿಗೆ ನಮಸ್ಕಾರ ಹೇಳಲು ಹೇಳಿದ್ದಾರೆ.

ವಾಸ್ಕೊ ವಾಸಿ

ಗೋವೆಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಒಳ್ಳೆಯ ಸುದ್ದಿಗಳಿಗೆ ಇನ್ನೊಂದು ಮುಖವಿದೆ. ಅದರಲ್ಲಿ ಕೆಟ್ಟವರ ಪಾತ್ರ ಬಹಳ ಸಲ ನಮ್ಮದೇ, ವಲಸೆ ಬಂದ ಕನ್ನಡಿಗರದೇ.

ಬಾಡಿಗೆದಾರರ ಪರಿಶೀಲನೆ ಎಂದು ಪೊಲೀಸರು ಬೆಳಗಿನ ಜಾವ ಬಡಾವಣೆಗೆ ಬರುತ್ತಾರೆ. ಗದಗ, ಬಾಗಲಕೋಟೆ, ವಿಜಯಪುರದಿಂದ ಗಾರೆ ಕೆಲಸಕ್ಕೆ ಬಂದವರನ್ನು ಸಾಲಾಗಿ ನಿಲ್ಲಿಸುತ್ತಾರೆ. ಮರುದಿನ ಸುದ್ದಿ: ಪೊಲೀಸರ ಜಾಗೃತಿ, ನಾಗರಿಕರಿಗೆ ನೆಮ್ಮದಿ. ಓದುವವನಿಗೆ ಹಿತವೆನಿಸುತ್ತದೆ. ಸಾಲಿನಲ್ಲಿ ನಿಂತವನು ಅರ್ಧ ದಿನದ ಕೂಲಿ ಕಳೆದುಕೊಂಡಿರುತ್ತಾನೆ, ಮನೆ ಮಾಲೀಕ ಅವನನ್ನು ಸಂಶಯದಿಂದ ನೋಡತೊಡಗುತ್ತಾನೆ. ಗುರುತುಪತ್ರ ನೋಡುವುದು ತಪ್ಪಲ್ಲ. ಕಳ್ಳರನ್ನು ನಿಲ್ಲಿಸಿದಂತೆ ನಿಲ್ಲಿಸಿ ಫೋಟೊ ಹಾಕುವುದು ತಪ್ಪು.

2004ರ ಜೂನ್‌ನಲ್ಲಿ ಬಯ್ನಾ ಕಡಲತೀರದ ಗುಡಿಸಲುಗಳನ್ನು ಕೆಡವಿದಾಗ ನಾನು ಕಾಲೇಜಿನಲ್ಲಿದ್ದೆ. ವೇಶ್ಯಾವಾಟಿಕೆ ತೊಲಗಿತು, ಊರು ಶುದ್ಧವಾಯಿತು ಎಂದು ಅನೇಕರು ಸಂತೋಷಪಟ್ಟರು. ಸುರಿಯುವ ಮಳೆಗಾಲ. ಬೇರೆ ದುಡಿಮೆಯಲ್ಲಿದ್ದ ಕನ್ನಡದ ಕುಟುಂಬಗಳೂ ಪಾತ್ರೆಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ನಿಂತಿದ್ದನ್ನು ನಾನು ನೋಡಿದ್ದೇನೆ.

ಪ್ರವಾಸಿಯ ಕಳೆದುಹೋದ ಬ್ಯಾಗು ಪೊಲೀಸರು ಹುಡುಕಿಕೊಟ್ಟ ಸುದ್ದಿ ಇಲ್ಲಿ ಸದಾ ಬರುತ್ತದೆ, ಪ್ರವಾಸೋದ್ಯಮಕ್ಕೆ ಅದು ಬೇಕು. 2008ರಲ್ಲಿ ಅಂಜುನಾ ತೀರದಲ್ಲಿ ಹದಿನೈದರ ಬ್ರಿಟಿಷ್ ಹುಡುಗಿ ಸತ್ತಾಗ ಮೊದಲು ಮುಳುಗಿ ಸತ್ತಳು ಎಂದೇ ಹೇಳಲಾಗಿತ್ತು. ತಾಯಿ ಪಟ್ಟುಹಿಡಿದ ಮೇಲೆ ಎರಡನೆಯ ಮರಣೋತ್ತರ ಪರೀಕ್ಷೆ ನಡೆಯಿತು, ಆಮೇಲೆ ಕೊಲೆಯ ಪ್ರಕರಣ ದಾಖಲಾಯಿತು. ಹೈಕೋರ್ಟಿನಿಂದ ಒಬ್ಬನಿಗೆ ಶಿಕ್ಷೆ ಆದದ್ದು 2019ರಲ್ಲಿ. ಊರಿನ ಹೆಸರು ಕೆಡಬಾರದು ಎಂಬ ಆತುರ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಗೋವೆಯಲ್ಲಿ ಇರುವವರು ಮರೆಯಬಾರದು.

ಪುಣೆ ವಕೀಲೆ

ಮೂಲ ಬರಹಗಾರರಿಗೆ ನೇರವಾಗಿ ಒಂದು ಮಾತು. ನಿಮ್ಮ ತಾಯಿಯವರಿಗೆ ಠಾಣೆಯಲ್ಲಿ ಹೇಳಿದ್ದು ಕಾನೂನಿಗೆ ವಿರುದ್ಧ. ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ) ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ ಬದಲು ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿ ಮೂರು ದಿನದೊಳಗೆ ಸಹಿ ಹಾಕಬಹುದು. ಎಫ್‌ಐಆರ್‌ನ ಪ್ರತಿ ಉಚಿತವಾಗಿ ಸಿಗಬೇಕು. ಮುದ್ದೆಮಾಲನ್ನು ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಹಾಕಬಾರದು, ಬೇಗ ಮರಳಿಸಬೇಕು ಎಂದು 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಲಾಗಿದೆ. ನಿಮ್ಮ ತಾಯಿಯವರ ಹಕ್ಕು ಎರಡು ವರ್ಷ ತಡವಾಗಿ ಬಂತು. ಸಮಾರಂಭದಲ್ಲಿ ಅದಕ್ಕೆ ಉಡುಗೊರೆಯ ರೂಪ ಬಂತು. ಅವರು ಕೈಮುಗಿದದ್ದು ನನಗೆ ಸಂಕಟ ತಂದಿತು.

ಪುಣೆಯ ಪೊಲೀಸರ ಜಾಣ ಟ್ವೀಟುಗಳನ್ನು ಇಲ್ಲಿ ಜನ ಬಹಳ ಮೆಚ್ಚಿದ್ದರು. 2024ರ ಮೇ 19ರಂದು ಕಲ್ಯಾಣಿ ನಗರದಲ್ಲಿ ಹದಿಹರೆಯದ ಹುಡುಗ ಓಡಿಸುತ್ತಿದ್ದ ಪೋರ್ಶೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಕೊಂದಿತು. ಮೇಲಿನವರಿಗೆ ಸಕಾಲದಲ್ಲಿ ತಿಳಿಸಲಿಲ್ಲ ಎಂದು ಠಾಣೆಯ ಇಬ್ಬರು ಅಧಿಕಾರಿಗಳು ಅಮಾನತಾದರು, ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ವೈದ್ಯರು ಬಂಧನಕ್ಕೆ ಒಳಗಾದರು. ಊರೆಲ್ಲ ಎದ್ದು ಕೇಳಿದ್ದರಿಂದ ಇದು ಹೊರಗೆ ಬಂತು. ವರ್ಷಗಳಿಂದ ಕೂಡಿಟ್ಟ ಒಳ್ಳೆಯ ಹೆಸರು ಆ ವಾರ ಯಾರನ್ನೂ ಸಮಾಧಾನಪಡಿಸಲಿಲ್ಲ.

ಠಾಣೆಗಳಲ್ಲೆಲ್ಲ ಸಿಸಿಟಿವಿ ಇರಬೇಕು ಎಂಬ ಸುಪ್ರೀಂ ಕೋರ್ಟಿನ 2020ರ ಡಿಸೆಂಬರಿನ ಆದೇಶ ಎಷ್ಟು ಠಾಣೆಯಲ್ಲಿ ಪಾಲನೆಯಾಗಿದೆ ಎಂದು ತಿಂಗಳಿಗೊಮ್ಮೆ ಒಂದು ಪತ್ರಿಕೆ ವಿಚಾರಿಸಿ ಬರೆಯಲಿ. ಕ್ಯಾಮೆರಾ ಸರಿಯಾಗಿ ನಡೆಯುತ್ತಿರುವ ಠಾಣೆಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಲಿ. ಅದನ್ನು ನಾನು ಸಂತೋಷದಿಂದ ಓದುತ್ತೇನೆ.

ಸುದ್ದಿಮನೆಯವ

ಮೇಡಂ ಬರೆದದ್ದನ್ನು ಓದಿದ ಮೇಲೆ ಬಹಳ ವರ್ಷ ಒಳಗೆ ಇಟ್ಟುಕೊಂಡಿದ್ದ ಒಂದನ್ನು ಹೇಳಲೇಬೇಕು.

ಟ್ವಿಟರ್ ಬರುವ ಮೊದಲು, ತೊಂಬತ್ತರ ದಶಕದ ಕೊನೆಯಲ್ಲಿ, ಮುಂಬೈಯ ಹಿತವಾದ ಸುದ್ದಿ ಯಾವುದಾಗಿತ್ತು ಗೊತ್ತೇ? ಎನ್‌ಕೌಂಟರ್. ಭೂಗತ ಲೋಕದ ಸುಲಿಗೆ ಕರೆಗಳಿಗೆ ಬಿಲ್ಡರುಗಳು ಮಾತ್ರವಲ್ಲ, ನಮ್ಮ ಹೋಟೆಲಿನವರೂ ನಡುಗುತ್ತಿದ್ದ ಕಾಲ. ಒಬ್ಬ ಗುಂಡಾ ಸತ್ತ ಎಂದರೆ ಓದುಗರಿಗೆ ಹಾಯೆನಿಸುತ್ತಿತ್ತು. ಎಷ್ಟು ಮಂದಿಯನ್ನು ಯಾರು ಹೊಡೆದರು ಎಂದು ಕ್ರಿಕೆಟ್ ಓಟದಂತೆ ಲೆಕ್ಕ ಹಾಕಿ ಶೀರ್ಷಿಕೆ ಕೊಟ್ಟಿದ್ದೇನೆ. ಪಂಚನಾಮೆಯಲ್ಲಿ ಏನಿತ್ತು, ಸತ್ತವನ ಮೇಲೆ ಯಾವ ಪ್ರಕರಣವಿತ್ತು ಎಂದು ಒಮ್ಮೆಯೂ ಕೇಳಲಿಲ್ಲ.

2006ರ ನವೆಂಬರಿನಲ್ಲಿ ಲಖನ್ ಭಯ್ಯಾ ಎಂಬವನನ್ನು ವರ್ಸೋವಾದಲ್ಲಿ ಹೊಡೆದದ್ದೂ ಮೊದಲು ಅಂಥದೇ ಸುದ್ದಿ. ವಕೀಲರಾಗಿದ್ದ ಅವನ ಸಹೋದರ ಬಿಡಲಿಲ್ಲ. ಅವನನ್ನು ಮೊದಲೇ ಹಿಡಿದು ಒಯ್ದು ಕೊಂದಿದ್ದಾರೆ ಎಂದು ಹೋರಾಡಿದರು. 2013ರಲ್ಲಿ 13 ಪೊಲೀಸರು ಸೇರಿ 21 ಮಂದಿಗೆ ಸೆಷನ್ಸ್ ಕೋರ್ಟ್ ಶಿಕ್ಷೆ ವಿಧಿಸಿತು. 2024ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟ್ ಅದು ನಕಲಿ ಎನ್‌ಕೌಂಟರ್ ಎಂಬುದನ್ನು ಎತ್ತಿಹಿಡಿದು, ಕೆಳಗಿನ ಕೋರ್ಟ್ ಬಿಡುಗಡೆ ಮಾಡಿದ್ದ ಹೆಸರುವಾಸಿ ಅಧಿಕಾರಿಯೊಬ್ಬರಿಗೂ ಜೀವಾವಧಿ ಶಿಕ್ಷೆ ನೀಡಿತು. ಹದಿನೇಳು ವರ್ಷ ದಾಟಿತ್ತು.

ಅಂದು ಓದುಗರಿಗೆ ಹಿತವಾದದ್ದು ಪಿಸ್ತೂಲು, ಇಂದು ಪಿಟೀಲು. ಎರಡಕ್ಕೂ ಅಜಗಜಾಂತರ ಇದೆ, ಒಪ್ಪುತ್ತೇನೆ. ನಾನು ಕೂತ ಕುರ್ಚಿಯಿಂದ ನೋಡಿದರೆ ತಪ್ಪು ಮಾತ್ರ ಒಂದೇ: ಓದುಗರಿಗೆ ಹಿತವಾದ ಕೂಡಲೇ ನಾನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ.

ಕಾಂದಿವಲಿ ಓದುಗ

ಇಷ್ಟು ಓದಿದ ಮೇಲೂ ಒಂದರಲ್ಲಿ ನಾನು ಬದಲಾಗಿಲ್ಲ. ಒಳ್ಳೆಯ ಸುದ್ದಿ ಇರಲಿ. ನಮ್ಮ ಅತ್ತೆಯಂಥವರಿಗೆ ಠಾಣೆಯ ಬಾಗಿಲು ತೋರಿಸಿದ್ದು ಅದು. ಬಾಗಿಲು ದಾಟಿದ ಮೇಲೆ ಏನಾಯಿತು ಎಂದೂ ಹೇಳಬೇಕು ಎಂಬುದು ನಿಮ್ಮೆಲ್ಲರ ಮಾತು, ಅದನ್ನು ಒಪ್ಪುತ್ತೇನೆ. ಅಂದು ಅತ್ತೆಯನ್ನು ಸೈಬರ್ ವಿಭಾಗಕ್ಕೆ ಹೋಗಿ ಎಂದು ಕಳುಹಿಸಿದರು, ಅಲ್ಲಿಂದ ಮತ್ತೆ ಠಾಣೆಗೆ. ಹಣ ಇನ್ನೂ ಬಂದಿಲ್ಲ. ಮೊದಲ ಸಲ ಬರೆಯುವಾಗ ನಾನೂ ಇದನ್ನು ಬಿಟ್ಟುಬಿಟ್ಟಿದ್ದೆ.

ನಾಯಗಾಂವ್ ಮಗಳು

ಮಧ್ಯ ರೈಲ್ವೆಯ ಅಣ್ಣ, ಆ ಹವಾಲ್ದಾರರ ಹೆಸರನ್ನು ಎಲ್ಲಾದರೂ ಬರೆಯುವುದಿದ್ದರೆ ಮೊದಲು ಅವರನ್ನು ಕೇಳಿ. ಮೇಲಿನವರನ್ನು ಬಿಟ್ಟು ಕೆಳಗಿನವರ ಹೆಸರು ಬಂದರೆ ಕೆಲವು ಕಡೆ ಅವರಿಗೇ ತೊಂದರೆ. ಅದರ ಬದಲು ಕಮಿಷನರ್ ಕಚೇರಿಗೆ ಒಂದು ಪತ್ರ ಬರೆಯಿರಿ. ಅವರು ಯಾವ ದಿನ ಏನು ಮಾಡಿದರು ಎಂದು ಬಿಡಿಬಿಡಿಯಾಗಿ ಬರೆದು, ಸೇವಾ ಪುಸ್ತಕದಲ್ಲಿ ದಾಖಲಿಸಿ ಎಂದು ಕೇಳಿ. ಅಪ್ಪನಿಗೆ ಅಂಥ ಒಂದು ಪತ್ರ ಬಂದಿತ್ತು. ಪೆಟ್ಟಿಗೆಯಲ್ಲಿ ಇನ್ನೂ ಇದೆ.

ಮಧ್ಯ ರೈಲ್ವೆ ಪ್ರಯಾಣಿಕ

ಎಲ್ಲರ ಬರಹವನ್ನೂ ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ವಕೀಲೆ ಮೇಡಂ ಬರೆದದ್ದನ್ನು ಎರಡು ಸಲ ಓದಿಸಿದರು. ಕೈಮುಗಿದದ್ದು ಅಧಿಕಾರಿಗೆ ಅಲ್ಲ ಮಗಾರಾಯ, ಪೆಟ್ಟಿಗೆಯಲ್ಲಿದ್ದ ಸರಕ್ಕೆ ಎಂದರು. ಇಷ್ಟು ದಿನ ನಾನು ಅದನ್ನು ಕೇಳಿಯೇ ಇರಲಿಲ್ಲ.

ತುಣುಕನ್ನು ಗೋಡೆಯಿಂದ ತೆಗೆಯುವುದಿಲ್ಲ ಎಂದಿದ್ದಾರೆ. ಹವಾಲ್ದಾರ್ ಈಗ ಬೇರೆ ಠಾಣೆಗೆ ವರ್ಗವಾಗಿದ್ದಾರೆ, ಫೋನಿನಲ್ಲಿ ಸಿಕ್ಕರು. ಪತ್ರ ಬರೆಯಲು ಒಪ್ಪಿದರು, ಸೇವಾ ಪುಸ್ತಕದ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊಕದ್ದಮೆ ಇನ್ನೂ ಮುಗಿದಿಲ್ಲ. ಬಾಂಡಿನ ಪ್ರಕಾರ ಕರೆದಾಗ ಸರವನ್ನು ಕೋರ್ಟಿಗೆ ಹಾಜರುಪಡಿಸಬೇಕು. ಮುಂದಿನ ತಿಂಗಳು ಅಮ್ಮನ ಸಾಕ್ಷ್ಯವಿದೆ. ಅದೇ ಪದಕ, ಅದೇ ಗುರುತು ಎಂದು ಅವರು ಕಟಕಟೆಯಲ್ಲಿ ನಿಂತು ಹೇಳಬೇಕು. ಆ ದಿನ ರಜೆ ಹಾಕಿ ಜೊತೆಗೆ ಹೋಗುತ್ತೇನೆ. ಏನಾಯಿತು ಎಂದು ಇಲ್ಲಿ ಬರೆಯುತ್ತೇನೆ.